ಬೇರೆಯವರ ಕಣ್ಣು ಹಾಕಿಸಿಕೊಂಡರೆ ಅವರ ರೋಗ ನಮಗೆ ಬರುತ್ತಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ಅಪ್ಪನಿಗೆ 61 ವರ್ಷ. ಕಾಫಿ ಕೊಯ್ಯುವಾಗ ರೆಂಬೆ ಬಡಿದು ಬಲಗಣ್ಣಿನಲ್ಲಿ ಹುಣ್ಣಾಗಿತ್ತು. ಫಂಗಸ್ ಅಂದರು. ಹುಣ್ಣು ಮಾಯಿತು, ಆದರೆ ಬಿಳಿ ಕಲೆ ಉಳಿದು ಆ ಕಣ್ಣು ಕಾಣುತ್ತಿಲ್ಲ. ಮೈಸೂರಿನ ಡಾಕ್ಟರು ಕಾರ್ನಿಯಾ ಕಸಿ ಮಾಡಿಸಿ ಅಂದಿದ್ದಾರೆ. ಚಿಕ್ಕಪ್ಪ ಬೇಡವೇ ಬೇಡ ಅನ್ನುತ್ತಿದ್ದಾರೆ. ಸತ್ತವರ ಏಡ್ಸ್, ಕಾಮಾಲೆ ಎಲ್ಲ ಬರುತ್ತೆ, ಕಣ್ಣು ಹಾಕಿಸಿಕೊಂಡವರೊಬ್ಬರು ಹುಚ್ಚುನಾಯಿ ರೋಗ ಬಂದು ಸತ್ತಿದ್ದಾರೆ ಅಂತ ಅವರು ಕೇಳಿದ್ದಾರಂತೆ. ಇದು ನಿಜವಾ? ಇನ್ನೊಂದು ವಿಷಯ. ನಮ್ಮ ಅಜ್ಜಿ ತಾವು ಸತ್ತ ಮೇಲೆ ಕಣ್ಣು ಕೊಡಬೇಕು ಅನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೋದ ವರ್ಷ ನಾಯಿ ಕಚ್ಚಿ ಇಂಜೆಕ್ಷನ್ ಹಾಕಿಸಿದ್ದೆವು. ಕೊಡಬಹುದಾ?

ಉತ್ತರ: ಚಿಕ್ಕಪ್ಪ ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಹಾಗಾಗಿ ಅವರ ಬಾಯಿ ಮುಚ್ಚಿಸಲು ಹೋಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ.

ದಾನವಾಗಿ ಬಂದ ಕಾರ್ನಿಯಾದಿಂದ ರೇಬಿಸ್, ಅಂದರೆ ಹುಚ್ಚುನಾಯಿ ರೋಗ ತಗುಲಿ ಜನ ಸತ್ತದ್ದುಂಟು. ಮೊದಲು ಗೊತ್ತಾದದ್ದು ಅಮೆರಿಕದಲ್ಲಿ, 1978ರ ಒಂದು ಕಸಿಯಲ್ಲಿ. ದಾನಿಗೆ ಕೈಕಾಲು ಸೋತು ಹೋಗಿ ಸಾವು ಬಂದಿತ್ತು. ಗಿಲಾನ್ ಬಾರೆ ಅನ್ನುವ ನರದ ಕಾಯಿಲೆ ಎಂದು ಡಾಕ್ಟರುಗಳು ತಿಳಿದಿದ್ದರು. ಅವರ ಕಾರ್ನಿಯಾ ಹಾಕಿಸಿಕೊಂಡ ಮಹಿಳೆ ಕೆಲವೇ ವಾರಗಳಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿದಾಗ ಇಬ್ಬರಿಗೂ ಇದ್ದದ್ದು ರೇಬಿಸ್ ಎಂದು ತಿಳಿಯಿತು. ನಂತರ ಫ್ರಾನ್ಸ್‌ನಲ್ಲಿ ಒಂದು, ಥಾಯ್ಲೆಂಡ್‌ನಲ್ಲಿ ಎರಡು, ಇರಾನ್‌ನಲ್ಲಿ ಎರಡು ಪ್ರಕರಣ ಆದವು. ನಮ್ಮ ಭಾರತದಲ್ಲೂ ಎರಡು ಆಗಿವೆ. ಒಬ್ಬರೇ ದಾನಿಯ ಎರಡು ಕಾರ್ನಿಯಾ ಪಡೆದ ಇಬ್ಬರೂ ಸತ್ತರು. ಅದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಒಟ್ಟು ಎಂಟು. ರೇಬಿಸ್ ವಿಷಯಕ್ಕೆ ಬಂದಾಗ ವೈದ್ಯರು ಎಣಿಸಿ ಹೇಳುವ ಲೆಕ್ಕ ಇದು.

ಈಗ ಇನ್ನೊಂದು ಲೆಕ್ಕ ನೋಡಿ. 2012ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 1,85,000 ಕಾರ್ನಿಯಾ ಕಸಿಗಳಾದವು. ಮೊದಲ ಯಶಸ್ವಿ ಕಸಿ ಆದದ್ದು 1905ರಲ್ಲಿ. ಇಷ್ಟು ವರ್ಷ, ಇಷ್ಟು ಲಕ್ಷ ಜನರ ನಡುವೆ ಆ ಎಂಟು. ನಿಮ್ಮ ಅಪ್ಪನಿಗೆ ಹೀಗಾಗುವ ಸಾಧ್ಯತೆ ತುಂಬಾ ತುಂಬಾ ಕಡಿಮೆ. ಆದರೆ ಅದು ತಾನಾಗಿಯೇ ಕಡಿಮೆಯಾಗಿಲ್ಲ. ಯಾರೋ ಒಬ್ಬರು ಸಾವಿನ ಮನೆಯಲ್ಲಿ ಕೂತು ಸರಿಯಾದ ಪ್ರಶ್ನೆ ಕೇಳುತ್ತಾರೆ, ಮನೆಯವರು ನಿಜ ಹೇಳುತ್ತಾರೆ. ಕಡಿಮೆ ಆಗಿರುವುದು ಇದರಿಂದ. ನನಗೆ ಈ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಿರುವುದೂ ಇದೇ.

ಏಡ್ಸ್ ಮತ್ತು ಕಾಮಾಲೆಯ ಭಯವನ್ನು ಮೊದಲು ಮುಗಿಸಿಬಿಡೋಣ. ಕಾರ್ನಿಯಾ ಅಂದರೆ ಕಣ್ಣಿನ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳವೇ ಇಲ್ಲ. ಆದ್ದರಿಂದಲೇ ಕಸಿಗೆ ಬ್ಲಡ್ ಗ್ರೂಪ್ ಹೊಂದಿಸಬೇಕಾಗಿಲ್ಲ, ರಕ್ತದಿಂದ ಹರಡುವ ರೋಗಗಳು ಇದರ ಮೂಲಕ ದಾಟುವುದೂ ಕಷ್ಟ. ಕಾರ್ನಿಯಾದಿಂದ ಎಚ್‌ಐವಿ ಬಂದ ಒಂದೇ ಒಂದು ಪ್ರಕರಣವೂ ದಾಖಲಾಗಿಲ್ಲ. ದಾನಿಗೆ ಎಚ್‌ಐವಿ ಇತ್ತು ಎಂದು ಕಸಿ ಆದ ಮೇಲೆ ಗೊತ್ತಾದ ಉದಾಹರಣೆಗಳಿವೆ, ಅಲ್ಲೂ ಪಡೆದವರಿಗೆ ಸೋಂಕು ಬರಲಿಲ್ಲ. ಹೆಪಟೈಟಿಸ್ ಬಿ ಮಾತ್ರ 1980ರ ದಶಕದ ನಡುವೆ ಅಮೆರಿಕದಲ್ಲಿ ಇಬ್ಬರಿಗೆ ಹೀಗೆ ಬಂದದ್ದು ದಾಖಲಾಗಿದೆ. ಆಗ ಆ ದಾನಿಗಳ ರಕ್ತವನ್ನು ಹೆಪಟೈಟಿಸ್ ಬಿಗೆ ಪರೀಕ್ಷಿಸಿರಲಿಲ್ಲ. ಈಗ ಕಣ್ಣು ತೆಗೆಯುವಾಗಲೇ ದಾನಿಯ ರಕ್ತವನ್ನೂ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಅದರ ರಿಪೋರ್ಟ್ ಬರದೆ ಕಾರ್ನಿಯಾ ಐ ಬ್ಯಾಂಕ್, ಅಂದರೆ ದಾನದ ಕಣ್ಣು ಪಡೆದು ಕಾಪಾಡುವ ಕೇಂದ್ರದ ಬಾಗಿಲು ದಾಟುವುದಿಲ್ಲ.

ರಕ್ತ ಪರೀಕ್ಷೆಗೂ ಒಂದು ಮಿತಿ ಇದೆ. ಸೋಂಕು ತಗುಲಿದ ಮೊದಲ ಕೆಲವು ವಾರ ಅದು ರಕ್ತದಲ್ಲಿ ಕಾಣಿಸದೇ ಹೋಗಬಹುದು. ಸಾಯುವ ಮುಂಚೆ ತುಂಬಾ ಗ್ಲೂಕೋಸ್, ರಕ್ತ ಕೊಟ್ಟಿದ್ದರೆ ರಕ್ತ ತೆಳುವಾಗಿ ಫಲಿತಾಂಶ ತಪ್ಪಬಹುದು. ಒಳ್ಳೆ ಐ ಬ್ಯಾಂಕಿನವರು ಕೊನೆಯ ಎರಡು ದಿನ ಏನೇನು ಏರಿಸಿದ್ದರು ಎಂದು ಕೇಸ್ ಶೀಟ್ ತಿರುವಿ ನೋಡುವುದು ಇದಕ್ಕೇ.

ಇನ್ನು ರೇಬಿಸ್. ಐ ಬ್ಯಾಂಕಿನ ಮಾಮೂಲು ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ. ಈ ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ, ನರದ ದಾರಿ ಹಿಡಿಯುತ್ತದೆ. ಕಚ್ಚಿದ ಜಾಗದಿಂದ ನರದ ಮೂಲಕ ಮಿದುಳಿಗೆ ಹೋಗಿ, ಅಲ್ಲಿಂದ ಮತ್ತೆ ನರಗಳಲ್ಲೇ ಹೊರಗೆ ಬರುತ್ತದೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲದಿದ್ದರೂ ನರಗಳು ದಟ್ಟವಾಗಿವೆ. ಒಂದು ಸಣ್ಣ ಧೂಳಿನ ಕಣ ಬಿದ್ದರೂ ನಾವು ಅಷ್ಟು ಒದ್ದಾಡುವುದು ಅದಕ್ಕೇ ಅಲ್ವಾ? ಹಾಗಾಗಿ ರೇಬಿಸ್‌ನಿಂದ ಸತ್ತವರ ಕಾರ್ನಿಯಾದಲ್ಲಿ ವೈರಸ್ ಕೂತಿರಬಹುದು. ನಾಯಿಯಂತೆ ಬೊಗಳುವುದು, ನೀರು ಕಂಡರೆ ಹೆದರುವುದು ಎಲ್ಲರಲ್ಲೂ ಕಾಣುತ್ತದೆ ಎಂದು ಜನ ತಿಳಿದಿದ್ದಾರೆ. ಬೊಗಳುವುದು ಬರೀ ಕಟ್ಟುಕಥೆ. ನೀರಿನ ಭಯವೂ ಎಲ್ಲರಲ್ಲಿ ಇರುವುದಿಲ್ಲ. ಕೆಲವರಿಗೆ ಬರುವುದು ಲಕ್ವ ಹೊಡೆದಂಥ ರೇಬಿಸ್. ಸುಮ್ನೆ ಕಾಲು ಸೋಲುತ್ತದೆ, ಆಮೇಲೆ ಕೈ, ಆಮೇಲೆ ಉಸಿರು. ಕಚ್ಚಿ ತಿಂಗಳುಗಳಾಗಿರುತ್ತವೆ, ಮನೆಯವರಿಗೆ ನಾಯಿಯ ನೆನಪೇ ಇರುವುದಿಲ್ಲ. 1978ರ ದಾನಿಯಲ್ಲಿ ಎಲ್ಲರೂ ಮೋಸ ಹೋದದ್ದು ಹೀಗೆ.

ಕೊಡಗಿನಲ್ಲಿ ಇದನ್ನು ಜಾಸ್ತಿ ಒತ್ತಿ ಹೇಳಬೇಕು. ತೋಟದ ಮನೆ ಅಂದ ಮೇಲೆ ನಾಯಿ ಇದ್ದೇ ಇರುತ್ತದೆ. ಬೀದಿನಾಯಿಗಳು ಬೇರೆ. ಸಾಕಿದ ನಾಯಿ ಕಚ್ಚಿದರೆ ಅದನ್ನು ಕಡಿತ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೀರಿದ್ದು, ಗಾಯವನ್ನು ನೆಕ್ಕಿದ್ದು ಅಂತೂ ಬಾಯಿಗೇ ಬರುವುದಿಲ್ಲ. ಮರಿ ನಾಯಿ ಹಲ್ಲು ತಾಗಿಸಿದ್ದನ್ನು ಯಾರು ನೆನಪಿಡುತ್ತಾರೆ?

ಐ ಬ್ಯಾಂಕಿನ ಟೆಕ್ನಿಷಿಯನ್ ಮನೆಗೆ ಬಂದಾಗ ನಡೆಯುವುದನ್ನು ಹೇಳುತ್ತೇನೆ. ಅವರು ನೇರವಾಗಿ ಹೆಣದ ಹತ್ತಿರ ಹೋಗುವುದಿಲ್ಲ. ಮೊದಲು ಜಗಲಿಯಲ್ಲಿ ಹತ್ತಿರದ ಸಂಬಂಧಿಕರೊಬ್ಬರನ್ನು ಕೂರಿಸಿಕೊಂಡು ಫಾರಂ ತೆಗೆಯುತ್ತಾರೆ. ಹೇಗೆ ಸತ್ತರು? ಎಷ್ಟು ದಿನದಿಂದ ಹುಷಾರಿರಲಿಲ್ಲ? ಜ್ವರ ಇತ್ತಾ? ಕೊನೆಯಲ್ಲಿ ಗೊಂದಲ ಮಾಡಿಕೊಂಡು ಏನೇನೋ ಮಾತಾಡುತ್ತಿದ್ದರಾ? ನುಂಗಲು ಆಗುತ್ತಿತ್ತಾ? ಕಾಲಲ್ಲಿ ಶಕ್ತಿ ಇತ್ತಾ? ನಾಯಿ, ಬೆಕ್ಕು, ಮಂಗ, ನರಿ ಏನಾದರೂ ಕಚ್ಚಿತ್ತಾ? ಮರೆವು ಇದ್ದಕ್ಕಿದ್ದಂತೆ ಜಾಸ್ತಿ ಆಗಿತ್ತಾ? ದುಃಖದಲ್ಲಿರುವ ಮನೆಯವರಿಗೆ ಇದು ಕಿರಿಕಿರಿ. ಪುಣ್ಯದ ಕೆಲಸಕ್ಕೆ ಕರೆದರೆ ಪೊಲೀಸರ ಥರ ವಿಚಾರಣೆ ಮಾಡ್ತಾರೆ ಅನ್ನಿಸುತ್ತದೆ. ಕೆಲವರು ಎಲ್ಲಕ್ಕೂ ಇಲ್ಲ, ಇಲ್ಲ ಎಂದು ಬೇಗ ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವುದೇ ಲ್ಯಾಬ್ ಕೊಡಲಾಗದ ಉತ್ತರ ಆ ಹೊತ್ತಿನಲ್ಲಿ ನಿಮ್ಮ ಬಾಯಲ್ಲಿರುತ್ತದೆ.

ಮರೆವಿನ ಪ್ರಶ್ನೆ ಯಾಕೆ ಅಂದರೆ, ಕ್ರಾಯ್ಟ್ಸ್‌ಫೆಲ್ಟ್ ಯಾಕೋಬ್ ಎಂಬ ಅಪರೂಪದ ಮಿದುಳಿನ ರೋಗವಿದೆ. 1974ರಲ್ಲಿ ಅಮೆರಿಕದಲ್ಲಿ ಒಬ್ಬರಿಗೆ ಇದು ಕಾರ್ನಿಯಾದಿಂದ ಬಂದ ವರದಿಯಾಯಿತು, ಲಕ್ಷಣ ಕಾಣಿಸಿದ್ದು ಕಸಿಯಾಗಿ ಒಂದೂವರೆ ವರ್ಷದ ಮೇಲೆ. ಇದಕ್ಕೂ ಐ ಬ್ಯಾಂಕಿನಲ್ಲಿ ಪರೀಕ್ಷೆ ಇಲ್ಲ, ಕೇಳಿಯೇ ತಿಳಿಯಬೇಕು. ಕಾರಣ ಗೊತ್ತಿಲ್ಲದ ಸಾವು, ಮಿದುಳು ಜ್ವರ, ರೇಬಿಸ್, ಧನುರ್ವಾಯು, ರಕ್ತಕ್ಕೆ ನಂಜು ಏರಿದ್ದು, ರಕ್ತದ ಕ್ಯಾನ್ಸರ್ ಇದ್ದರೆ ಕಾರ್ನಿಯಾವನ್ನು ಕಸಿಗೆ ಬಳಸುವುದಿಲ್ಲ. ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲಿ 2018ರಲ್ಲಿ ನಿಪಾ ಬಂದಿತ್ತು, ನಿಮಗೆ ನೆನಪಿರಬಹುದು. ನಿಪಾ ಕೂಡ ಮಿದುಳು ಜ್ವರ ತರುವ ರೋಗ. ಅಂಥ ಸಾವುಗಳನ್ನು ಹೆಸರು ಗೊತ್ತಿದ್ದರೂ ಇಲ್ಲದಿದ್ದರೂ ಈ ನಿಯಮ ಹೊರಗಿಡುತ್ತದೆ.

ತೋಟಗಳ ಬಗ್ಗೆ ಇನ್ನೊಂದು ಮಾತು. ಲೈನ್ ಮನೆಗಳಲ್ಲಿ ದೂರದ ರಾಜ್ಯದಿಂದ ಬಂದ ಕೆಲಸಗಾರರು ಒಬ್ಬೊಬ್ಬರೇ ಇರುತ್ತಾರೆ. ಅವರಲ್ಲಿ ಯಾರಾದರೂ ತೀರಿಕೊಂಡರೆ ಜೊತೆಯವರು, ತೋಟದ ರೈಟರು ಒಳ್ಳೆ ಮನಸ್ಸಿನಿಂದ ಕಣ್ಣು ಕೊಡಿಸೋಣ ಅನ್ನಬಹುದು. ಆದರೆ ಒಪ್ಪಿಗೆ ಕೊಡಬೇಕಾದವರು ಹತ್ತಿರದ ಸಂಬಂಧಿಕರು. ಅವರ ಹಿಂದಿನ ಕಾಯಿಲೆ, ಕಡಿತ ಗೊತ್ತಿರುವವರೂ ಯಾರಾದರೂ ಬೇಕು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಐ ಬ್ಯಾಂಕಿನವರು ಬೇಡ ಅನ್ನುತ್ತಾರೆ, ಅನ್ನಲೇಬೇಕು. ಕೊರತೆ ಎಷ್ಟೇ ಇರಲಿ, ಈ ಒಂದು ಕಡೆ ಸಡಿಲ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಸ್ಪತ್ರೆಯಲ್ಲಿ ತೀರಿಕೊಂಡವರ ಕಣ್ಣಿಗೆ ಐ ಬ್ಯಾಂಕುಗಳು ಈಗ ಜಾಸ್ತಿ ಒತ್ತು ಕೊಡುವುದೂ ಇದಕ್ಕೆ. ಅಲ್ಲಿ ಕಾಯಿಲೆಯ ಪೂರ್ತಿ ದಾಖಲೆ ಕೈಗೆ ಸಿಗುತ್ತದೆ.

ಈಗ ನಿಮ್ಮ ಅಪ್ಪನಿಗೆ ನಿಜವಾಗಿ ಹೆದರಬೇಕಾದ ವಿಷಯಕ್ಕೆ ಬರುತ್ತೇನೆ. ಅದು ಏಡ್ಸೂ ಅಲ್ಲ, ರೇಬಿಸೂ ಅಲ್ಲ. ಮಾಮೂಲು ಬ್ಯಾಕ್ಟೀರಿಯಾ ಮತ್ತು ಫಂಗಸ್. ಕಣ್ಣಿನೊಳಗೆ ಕೀವು ತುಂಬುವಂಥ ಸೋಂಕು ಕಾರ್ನಿಯಾ ಕಸಿಯಾದ ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಬರುತ್ತದೆ ಎಂದು ದೊಡ್ಡ ಲೆಕ್ಕಗಳು ಹೇಳುತ್ತವೆ. ಕಡಿಮೆಯೇ, ಆದರೆ ಬಂದರೆ ಒಂದೆರಡು ದಿನದಲ್ಲೇ ಕಣ್ಣು ಹೋಗಬಹುದು. ಸತ್ತವರ ಕಣ್ಣಿನ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಹಾಗಾಗಿ ತೆಗೆಯುವ ಮುಂಚೆ ಕಣ್ಣನ್ನು ಪೊವಿಡೋನ್ ಅಯೋಡಿನ್‌ನಿಂದ ತೊಳೆಯುತ್ತಾರೆ. ಆಮೇಲೆ ಕಾರ್ನಿಯಾವನ್ನು ಒಂದು ಪುಟ್ಟ ಸೀಸೆಯಲ್ಲಿ, ಆಂಟಿಬಯಾಟಿಕ್ ಬೆರೆಸಿದ ಗುಲಾಬಿ ಬಣ್ಣದ ದ್ರಾವಣದಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಎಂ.ಕೆ. ಮೀಡಿಯಂ ಎಂಬ ಹಳೆಯ ದ್ರಾವಣದಲ್ಲಿ ನಾಲ್ಕು ದಿನ ಇಡಬಹುದು, ಆಪ್ಟಿಸಾಲ್, ಕಾರ್ನಿಸಾಲ್‌ನಂಥವುಗಳಲ್ಲಿ ಎರಡು ವಾರ. ಆ ಗುಲಾಬಿ ಬಣ್ಣ ಅಂದಕ್ಕೆ ಹಾಕಿದ್ದಲ್ಲ. ಒಳಗೆ ಏನಾದರೂ ಬೆಳೆದು ದ್ರಾವಣ ಹುಳಿಯಾದರೆ ಬಣ್ಣ ಹಳದಿಗೆ ತಿರುಗುತ್ತದೆ. ಹಳದಿಯಾದ, ಮಬ್ಬಾದ ಸೀಸೆಯನ್ನು ಆಪರೇಷನ್ ಥಿಯೇಟರಿಗೆ ಕಳಿಸುವುದಿಲ್ಲ. ಆದರೆ ಸಾಮಾನ್ಯವಾಗಿ ಈ ದ್ರಾವಣಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಮದ್ದಿರುತ್ತದೆ, ಫಂಗಸ್‌ಗೆ ಇರುವುದಿಲ್ಲ. ತಣ್ಣಗಿನ ಫ್ರಿಜ್ಜಿನಲ್ಲಿ ಫಂಗಸ್ ಸುಮ್ಮನೆ ಕೂತು ಆಮೇಲೆ ಎದ್ದೇಳಬಹುದು.

ಹಾಗಾಗಿ ಅನೇಕ ಆಸ್ಪತ್ರೆಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಕಸಿಗೆ ನಡುವಿನ ಗುಂಡು ಭಾಗ ಕತ್ತರಿಸಿಕೊಂಡ ಮೇಲೆ ಉಳಿಯುವ ಅಂಚಿನ ಬಳೆಯನ್ನು ಬಿಸಾಡದೆ ಕಲ್ಚರ್‌ಗೆ, ಅಂದರೆ ಸೂಕ್ಷ್ಮಜೀವಿ ಬೆಳೆಯುತ್ತದಾ ಎಂದು ನೋಡುವ ಲ್ಯಾಬ್ ಪರೀಕ್ಷೆಗೆ ಕಳಿಸುತ್ತಾರೆ. ಅದರಲ್ಲಿ ಏನಾದರೂ ಬೆಳೆದರೆ ರೋಗಿಗೆ ಲಕ್ಷಣ ಕಾಣುವ ಮುಂಚೆಯೇ ಎಚ್ಚರ ಸಿಗುತ್ತದೆ. ಪ್ರತಿ ಕಾರ್ನಿಯಾಕ್ಕೂ ಒಂದು ನಂಬರ್ ಇರುತ್ತದೆ. ಒಬ್ಬ ದಾನಿಯ ಎಡಗಣ್ಣು ಪಡೆದವರಿಗೆ ಸೋಂಕಾದರೆ ಬಲಗಣ್ಣು ಪಡೆದವರ ಡಾಕ್ಟರಿಗೂ ಫೋನ್ ಹೋಗಬೇಕು. ಇದು ಎಷ್ಟು ಮುಖ್ಯ ಎಂಬುದಕ್ಕೆ 2005ರ ಜರ್ಮನಿ ಸಾಕ್ಷಿ. ಭಾರತಕ್ಕೆ ಬಂದು ಹೋಗಿದ್ದ ದಾನಿಯೊಬ್ಬರಿಗೆ ರೇಬಿಸ್ ಇತ್ತು ಎಂದು ಅಂಗಗಳನ್ನು ಕಸಿ ಮಾಡಿ ಆದ ಮೇಲೆ ಗೊತ್ತಾಯಿತು. ಅಂಗ ಪಡೆದ ಮೂವರು ಸತ್ತರು. ಕಾರ್ನಿಯಾ ಪಡೆದ ಇಬ್ಬರನ್ನು ಪತ್ತೆ ಮಾಡಿ, ಕಾರ್ನಿಯಾ ತೆಗೆದು, ರೇಬಿಸ್ ಲಸಿಕೆ ಕೊಟ್ಟರು. ಅವರಿಗೆ ರೋಗ ಬರಲಿಲ್ಲ.

ನಿಮ್ಮ ಅಪ್ಪನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಅವರಿಗೆ ಮೊದಲೇ ಫಂಗಸ್ ಹುಣ್ಣಾಗಿತ್ತು. ಗಿಡದ ರೆಂಬೆ, ಭತ್ತದ ಹೊಟ್ಟು ತಾಗಿ ಆಗುವ ಹುಣ್ಣಿನಲ್ಲಿ ಇದು ಸಾಮಾನ್ಯ. ಪೂರ್ತಿ ವಾಸಿಯಾಗದೆ ಎಲ್ಲೋ ಸ್ವಲ್ಪ ಉಳಿದಿದ್ದರೆ, ಕಸಿಯ ನಂತರ ಹಾಕುವ ಸ್ಟಿರಾಯ್ಡ್ ಡ್ರಾಪ್ಸ್ ಕೆಳಗೆ ಅದು ಮತ್ತೆ ಕೆರಳಬಹುದು. ಕಣ್ಣಿನ ಸರ್ಪಸುತ್ತು ಆಗಿದ್ದವರಲ್ಲೂ, ಹರ್ಪಿಸ್ ಹುಣ್ಣು ಆಗಿದ್ದವರಲ್ಲೂ ಹೀಗೇ. ಆಗ ಮನೆಯವರು ದಾನಿಯ ಕಣ್ಣೇ ಕೆಟ್ಟದ್ದು ಎಂದು ದೂರುತ್ತಾರೆ. ಬಹಳ ಸಲ ಆ ಸೋಂಕು ಹಳೇ ಕಣ್ಣಿನದ್ದೇ ಆಗಿರುತ್ತದೆ. ಆದ್ದರಿಂದ ಹಳೇ ಹುಣ್ಣಿನ ಚೀಟಿ, ಆಗ ಹಾಕಿದ ಡ್ರಾಪ್ಸ್ ಹೆಸರು ಎಲ್ಲ ಮೈಸೂರಿಗೆ ಒಯ್ಯಿರಿ. ಮೆಡಿಕಲ್ ಶಾಪಿನಿಂದ ತಾವೇ ತಂದು ಹಾಕಿಕೊಂಡದ್ದಿದ್ದರೆ ಅದನ್ನೂ ಹೇಳಿ.

ಡಾಕ್ಟರನ್ನು ಎರಡು ವಿಷಯ ಕೇಳಿ. ಕಲೆ ಎಷ್ಟು ಆಳಕ್ಕೆ ಹೋಗಿದೆ? ಮುಂದಿನ ಪದರಗಳಲ್ಲಿ ಮಾತ್ರ ಇದ್ದರೆ ಅಷ್ಟನ್ನೇ ಬದಲಿಸಿ, ಒಳಗಿನ ತೆಳು ಪದರವನ್ನು ಅಪ್ಪನದ್ದೇ ಉಳಿಸುವ ಆಪರೇಷನ್ ಇದೆ. ಅದರಲ್ಲಿ ಕಣ್ಣಿನೊಳಕ್ಕೆ ಹೋಗುವ ಅಗತ್ಯ ಇಲ್ಲದ್ದರಿಂದ ಒಳಗೆ ಸೋಂಕಾಗುವ ಭಯ ಕಡಿಮೆ, ದೇಹ ಕಸಿಯನ್ನು ತಿರಸ್ಕರಿಸುವ ಭಯವೂ ಕಡಿಮೆ. ಹೀಗೆ ಪದರ ಬಿಡಿಸಿ ಕೊಡಲು ಬರುವುದರಿಂದಲೇ 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡನೇ ಪ್ರಶ್ನೆ: ಕಲೆಯೊಳಗೆ ರಕ್ತನಾಳ ಬೆಳೆದಿದೆಯಾ? ಬೆಳೆದಿದ್ದರೆ ತಿರಸ್ಕಾರ ಜಾಸ್ತಿ. ನಿಜ ಹೇಳಬೇಕೆಂದರೆ, ದಾನಿಯಿಂದ ರೋಗ ಬರುವುದಕ್ಕಿಂತ ಕಸಿ ಮಬ್ಬಾಗಿ ವಿಫಲವಾಗುವುದು ಎಷ್ಟೋ ಪಾಲು ಸಾಮಾನ್ಯ. ಆಪರೇಷನ್ ಮಾಡಿಸಬೇಕಾ ಬೇಡವಾ ಎಂಬುದನ್ನು ಇದರ ಮೇಲೆ ತೀರ್ಮಾನಿಸಿ. ಎಡಗಣ್ಣು ಎಷ್ಟು ಚೆನ್ನಾಗಿದೆ, ಬಲಗಣ್ಣಿನ ಒಳಗಿನ ನರ ಸರಿ ಇದೆಯಾ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮಾಡಿಸಿದ ಮೇಲೆ ನಾಲ್ಕು ಲಕ್ಷಣ ಬಾಯಿಪಾಠ ಮಾಡಿಸಿ: ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ಕಾಣುತ್ತಿದ್ದದ್ದು ಮಬ್ಬಾಗುವುದು, ನೋವು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಬೇಕು. ಕೊಡಗಿನವರಿಗೆ ಕಷ್ಟ ಇರುವುದು ಇಲ್ಲೇ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಫೋನ್ ಇಲ್ಲ. ನಾಳೆ ಮಳೆ ಬಿಟ್ಟ ಮೇಲೆ ಹೋಗೋಣ ಅನ್ನುವುದರಲ್ಲಿ ಕಣ್ಣು ಕಳೆದುಕೊಂಡವರನ್ನು ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ತುರ್ತು ಇಲ್ಲದ ಕಸಿಯಾದರೆ ಮಳೆಗಾಲ ಕಳೆದು ಮಾಡಿಸಿಕೊಳ್ಳುವುದು ವಾಸಿ. ಮೈಸೂರಿಗೆ ಹೋಗಲು ಆಗದೇ ಇದ್ದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಾದರೂ ತೋರಿಸಿ, ಅಲ್ಲಿಂದಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿಸಿ. ಹೊಲಿಗೆ ಒಂದು ವರ್ಷಕ್ಕೂ ಮೀರಿ ಇರಬಹುದು, ಸಡಿಲವಾದ ಒಂದು ಹೊಲಿಗೆಯೇ ಸೋಂಕಿಗೆ ದಾರಿ. ಅಷ್ಟು ದಿನವೂ ಅಪ್ಪನನ್ನು ಕಾಫಿ ಕೊಯ್ಲಿಗೆ, ಕಣದ ಧೂಳಿಗೆ ಕಳಿಸಬೇಡಿ. ಆಮೇಲೆ ಹೋದರೂ ಕಣ್ಣು ಮುಚ್ಚುವ ಕನ್ನಡಕ ಇರಲಿ.

ಅಜ್ಜಿಯ ವಿಷಯ. ಅವರ ಆಸೆ ಕೇಳಿ ನಿಜವಾಗಿ ಸಂತೋಷವಾಯಿತು. ಸಕ್ಕರೆ ಕಾಯಿಲೆ, ಬಿಪಿ, ವಯಸ್ಸು, ಕನ್ನಡಕ, ಪೊರೆ ಆಪರೇಷನ್ ಯಾವುದೂ ಅಡ್ಡಿ ಅಲ್ಲ. ಬೇರೆ ಅಂಗದ ಗಡ್ಡೆ ಕ್ಯಾನ್ಸರ್ ಇದ್ದವರ ಕಾರ್ನಿಯಾವನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ, ರಕ್ತದ ಮತ್ತು ಕಣ್ಣಿನ ಕ್ಯಾನ್ಸರ್ ಬಿಟ್ಟು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ಹಾಗಾಗಿ ನೆಂಟರಿಗೆಲ್ಲ ಹೇಳಿ ಕಳಿಸುವ ಮುಂಚೆ ಐ ಬ್ಯಾಂಕಿಗೆ ಫೋನ್ ಮಾಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆ ಕೆಳಗೆ ದಿಂಬು ಇಡಿ. ತೆಗೆಯಲು ಇಪ್ಪತ್ತು ನಿಮಿಷ ಸಾಕು, ಮುಖ ವಿಕಾರ ಆಗುವುದಿಲ್ಲ. ಯಾವ ಐ ಬ್ಯಾಂಕ್ ನಿಮ್ಮ ಊರಿಗೆ ಆ ಹೊತ್ತಿನೊಳಗೆ ಬರುತ್ತದೆ ಎಂದು ಈಗಲೇ ವಿಚಾರಿಸಿ ನಂಬರ್ ಬರೆದಿಡಿ.

ನಾಯಿ ಕಚ್ಚಿದ್ದನ್ನು ಮಾತ್ರ ಮುಚ್ಚಿಡಬೇಡಿ. ಯಾವಾಗ ಕಚ್ಚಿತು, ಎಷ್ಟು ಇಂಜೆಕ್ಷನ್ ಹಾಕಿಸಿದಿರಿ, ಆ ನಾಯಿ ಆಮೇಲೆ ಬದುಕಿತ್ತಾ ಎಂಬುದನ್ನು ಹಾಗೇ ಹೇಳಿ. ಇಂಜೆಕ್ಷನ್ ಪೂರ್ತಿ ಆಗಿದೆ, ಸಾವಿಗೆ ಬೇರೆ ಸ್ಪಷ್ಟ ಕಾರಣ ಇದೆ ಅಂದರೆ ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆ ತೀರ್ಮಾನ ಅವರಿಗೆ ಬಿಡಿ. ಕಸಿಗೆ ಆಗುವುದಿಲ್ಲ ಅಂದರೂ ಕೆಲವು ಸಂದರ್ಭದಲ್ಲಿ ಕಲಿಯುವ ಡಾಕ್ಟರುಗಳ ತರಬೇತಿಗೆ, ಸಂಶೋಧನೆಗೆ ಕಣ್ಣನ್ನು ತೆಗೆದುಕೊಳ್ಳುತ್ತಾರೆ, ಕೇಳಿ ನೋಡಿ. ಇಂಜೆಕ್ಷನ್ ಚೀಟಿ ಕಳೆದಿದ್ದರೆ ಹಾಕಿಸಿದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ತಾರೀಕು ಸಿಗಬಹುದು. ಅಜ್ಜಿಯನ್ನೇ ಜೊತೆಗೆ ಕರೆದುಕೊಂಡು ಹೋಗಿ ಬರೆಸಿಕೊಂಡು ಬನ್ನಿ.